ತುಕ್ಕು ಹಿಡಿದ ಜಾವಾದೊಳಗೆ ಮೈಸೂರಿನ ಚರಿತ್ರೆ

ಮೈಸೂರು, ಮಂಡ್ಯ, ಹಾಸನದ ಕಡೆಯ ಎಷ್ಟೋ ಹಳೆಯ ಮನೆಗಳಲ್ಲಿ ಮೆಟ್ಟಿಲಿನ ಕೆಳಗೋ ಕೊಟ್ಟಿಗೆಯ ಮೂಲೆಯಲ್ಲೋ ಗೋಣಿತಾಟು ಹೊದ್ದು ನಿಂತ ಒಂದು ಮೋಟಾರ್ ಸೈಕಲ್ ಇರುತ್ತದೆ. ಗಾಳಿ ಹೋಗಿ ಹತ್ತಾರು ವರ್ಷವಾದ ಟೈರು ನೆಲಕ್ಕೆ ಅಂಟಿಕೊಂಡು ಬಿರಿದಿರುತ್ತದೆ. ಸೀಟಿನ ಒಳಗಿನದನ್ನೆಲ್ಲ ಇಲಿಗಳು ಎಳೆದು ಗೂಡು ಮಾಡಿಕೊಂಡಿರುತ್ತವೆ. ಟ್ಯಾಂಕಿನ ಮೇಲೆ ಯಾವಾಗಲೋ ಸುಣ್ಣದ ಡಬ್ಬ ಇಟ್ಟಿದ್ದರ ಗುಂಡನೆಯ ಕಲೆ. ಗುಜರಿಯವನು ಬಂದಾಗಲೆಲ್ಲ ಅದನ್ನು ಕೊಟ್ಟುಬಿಡುವ ಮಾತು ಬರುತ್ತದೆ. ಮನೆಯಲ್ಲಿ ಯಾರಾದರೊಬ್ಬರು, ಬಹಳ ಸಲ ಅದನ್ನು ಎಂದೂ ಓಡಿಸದೆ ಹಿಂದಿನ ಸೀಟಿನಲ್ಲಿ ಕುಳಿತೇ ಊರು ನೋಡಿದವರು, ಬೇಡವೆನ್ನುತ್ತಾರೆ. ಗಾಡಿ ಉಳಿದುಕೊಳ್ಳುತ್ತದೆ.

ಇಂಥ ಗಾಡಿಗಳನ್ನು ಹೊರಗೆಳೆದು, ಮನೆಯ ಷೆಡ್ಡಿನಲ್ಲೇ ಬಿಚ್ಚಿ, ತಿಂಗಳುಗಟ್ಟಲೆ ಕುಳಿತು ಮತ್ತೆ ಓಡುವಂತೆ ಮಾಡುವ ಹವ್ಯಾಸ ಈಚಿನ ವರ್ಷಗಳಲ್ಲಿ ಚೆನ್ನಾಗಿಯೇ ಬೆಳೆದಿದೆ. ಬೆಂಗಳೂರಿನಲ್ಲಿ ಜಾವಾ ಮತ್ತು ಯೆಜ್ಡಿ ಗಾಡಿಗಳವರದೇ ಒಂದು ಕ್ಲಬ್ 2007ರಲ್ಲಿ ಹುಟ್ಟಿಕೊಂಡಿತು. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ನೀಲಿ ಹೊಗೆ ಬಿಡುತ್ತ ಸಾಲುಗಟ್ಟಿ ಹೋಗುವುದು ಈಗ ಅನೇಕ ಊರುಗಳಲ್ಲಿ ವಾಡಿಕೆಯಾಗಿದೆ. ಮೇಲುನೋಟಕ್ಕೆ ಇದು ಬಿಡುವಿದ್ದವರ ಖಯಾಲಿ. ಆದರೆ ಈ ಕೆಲಸದಲ್ಲಿ ಚರಿತ್ರೆಗೆ ಸಂಬಂಧಿಸಿದ ಒಂದು ಪ್ರಶ್ನೆಯೂ ಅಡಗಿದೆ. ಈ ಗಾಡಿಗಳನ್ನು ಮಾಡಿದ ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿಹೋಯಿತು. ಅಲ್ಲಿ ಏನನ್ನು ಹೇಗೆ ತಯಾರಿಸುತ್ತಿದ್ದರು, ಯಾವ ಭಾಗ ಹೊರದೇಶದಿಂದ ಬರುತ್ತಿತ್ತು, ಯಾವುದನ್ನು ಇಲ್ಲೇ ಎರಕ ಹೊಯ್ಯುತ್ತಿದ್ದರು ಎನ್ನುವುದಕ್ಕೆ ಈಗ ಕೈಗೆ ಸಿಗುವ ದೊಡ್ಡ ಸಾಕ್ಷಿಯೆಂದರೆ ಆ ಗಾಡಿಗಳೇ. ಅಂಥದನ್ನು ದುರಸ್ತಿ ಮಾಡುವವನ ಕೈಯಲ್ಲಿ ಪಾನಾ ಇರುತ್ತದೆ ನಿಜ. ಜೊತೆಗೆ ಅರ್ಧ ಅಳಿಸಿದ ಒಂದು ಕಡತವೂ ಇರುತ್ತದೆ.

ಕಥೆ ಆರಂಭವಾಗುವುದು ದೂರದ ಚೆಕೊಸ್ಲೊವಾಕಿಯಾದಲ್ಲಿ. ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ ಅಲ್ಲಿ ಶಸ್ತ್ರಾಸ್ತ್ರ ತಯಾರಿಸುತ್ತಿದ್ದ ಉದ್ಯಮಿ. ಮೊದಲ ಮಹಾಯುದ್ಧ ಮುಗಿದ ಮೇಲೆ ಬಂದೂಕಿಗೆ ಗಿರಾಕಿ ಕಡಿಮೆಯಾಗಿ, ಕಾರ್ಖಾನೆಗೆ ಬೇರೆ ಕೆಲಸ ಹುಡುಕಬೇಕಾಯಿತು. 1929ರಲ್ಲಿ ಆತ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕನ್ನು ಕೊಂಡ. ತನ್ನ ಹೆಸರಿನ ಮೊದಲ ಎರಡು ಅಕ್ಷರಗಳನ್ನೂ ವಾಂಡರರ್ ಹೆಸರಿನ ಮೊದಲ ಎರಡು ಅಕ್ಷರಗಳನ್ನೂ ಸೇರಿಸಿದಾಗ ಹುಟ್ಟಿದ್ದು ಜಾವಾ. ಇಂಡೊನೇಷ್ಯದ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ. ಮೊದಲ 500 ಸಿಸಿ ಗಾಡಿ ದುಬಾರಿಯಾಗಿ ಜನಸಾಮಾನ್ಯರ ಕೈಗೆ ಎಟುಕಲಿಲ್ಲ. 1932ರಲ್ಲಿ ಬಂದ 175 ಸಿಸಿಯ ಅಗ್ಗದ ಟೂ-ಸ್ಟ್ರೋಕ್ ಗಾಡಿ ಕಂಪನಿಯನ್ನು ನಿಲ್ಲಿಸಿತು. ಎರಡನೆಯ ಮಹಾಯುದ್ಧದಲ್ಲಿ ದೇಶ ಜರ್ಮನರ ವಶದಲ್ಲಿದ್ದಾಗ ಅಲ್ಲಿನ ಎಂಜಿನಿಯರುಗಳು ಗುಟ್ಟಾಗಿ 250 ಸಿಸಿಯ ಹೊಸ ಗಾಡಿಯೊಂದನ್ನು ರೂಪಿಸಿದರು. ಯಾನೆಚೆಕ್ 1941ರಲ್ಲೇ ತೀರಿಕೊಂಡ. ಗಾಡಿ ಮಾತ್ರ 1946ರಲ್ಲಿ ಪ್ಯಾರಿಸ್ಸಿನ ಪ್ರದರ್ಶನಕ್ಕೆ ಬಂದು ಎಲ್ಲರ ಕಣ್ಣು ಸೆಳೆಯಿತು. ಆ ವಂಶದ ಮುಂದಿನ ಕುಡಿಯಾಗಿ 1950ರ ದಶಕದ ಮಧ್ಯದಲ್ಲಿ ಬಂದ 353 ಎಂಬ ಮಾದರಿಯೇ ಮುಂದೆ ಮೈಸೂರಿನ ಜಾವಾ ಆಯಿತು.

ಭಾರತದಲ್ಲಿ ಜಾವಾ ಗಾಡಿಗಳನ್ನು ಆಮದು ಮಾಡಿ ಮಾರುತ್ತಿದ್ದವರು ಮುಂಬಯಿಯ ಪಾರ್ಸಿ ಸಮುದಾಯದ ಇರಾನಿ ಕುಟುಂಬದವರು. ಸ್ವಾತಂತ್ರ್ಯಾನಂತರ, 1950ರ ದಶಕದಲ್ಲಿ, ಸಿದ್ಧ ವಾಹನಗಳ ಆಮದಿಗೆ ಸರ್ಕಾರ ಕಡಿವಾಣ ಹಾಕತೊಡಗಿತು. ವಿದೇಶಿ ವಿನಿಮಯ ಅಷ್ಟು ದುರ್ಲಭವಾಗಿದ್ದ ಕಾಲ. ಮಾರಬೇಕಿದ್ದರೆ ಇಲ್ಲೇ ತಯಾರಿಸಿ ಎಂಬುದು ನೀತಿ. ಮದರಾಸಿನಲ್ಲಿ 1955ರಲ್ಲಿ ಎನ್‌ಫೀಲ್ಡ್ ಬಂದದ್ದು ಇದೇ ಹಿನ್ನೆಲೆಯಲ್ಲಿ. ಫಾರೂಕ್ ಇರಾನಿ ಮತ್ತು ರುಸ್ತುಂ ಇರಾನಿ ಅವರ ಐಡಿಯಲ್ ಜಾವಾ ಕಂಪನಿ 1960ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ನೆಲೆಗೊಂಡಿತು. ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಗಂಧದೆಣ್ಣೆ, ರೇಷ್ಮೆ, ಊದುಬತ್ತಿಗಳಿಗೆ ಹೆಸರಾದ ಊರಿಗೆ ಇದು ಹೊಸ ಬಗೆಯ ಕಸುಬು. ಲೇತಿನ ಮುಂದೆ ನಿಂತು ಮಿಲಿಮೀಟರಿನ ನೂರನೆಯ ಪಾಲಿನ ಲೆಕ್ಕದಲ್ಲಿ ಕಬ್ಬಿಣ ತಿರುವಿ ಅಳೆಯುವ ಒಂದು ಕಾರ್ಮಿಕ ವರ್ಗ ಮೈಸೂರಿನಲ್ಲಿ ಬೆಳೆದದ್ದರಲ್ಲಿ ಈ ಕಾರ್ಖಾನೆಯ ಪಾಲು ದೊಡ್ಡದು.

ಅಲ್ಲಿಂದ ಹೊರಬಂದ ಗಾಡಿಯ ಯಂತ್ರಭಾಗ ಸರಳ, ಆದರೆ ಜಾಣತನದ್ದು. ಸಿಲಿಂಡರ್ ಒಂದೇ, ಅದರ ಹೊಗೆ ಹೋಗಲು ದಾರಿ ಎರಡು. ಹಾಗಾಗಿಯೇ ಜಾವಾಕ್ಕೆ ಎಡಕ್ಕೊಂದು ಬಲಕ್ಕೊಂದು ಸೈಲೆನ್ಸರ್. ಬೇರೆ ಗಾಡಿಗಳಲ್ಲಿ ಕಿಕ್ಕರ್ ಬೇರೆ, ಗೇರ್ ಲಿವರ್ ಬೇರೆ. ಇಲ್ಲಿ ಎರಡೂ ಒಂದೇ: ಎಡಗಡೆಯ ಲಿವರನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್, ಮುಂದಕ್ಕೆ ತಂದರೆ ಗೇರ್. ಆ ಲಿವರನ್ನು ಕಾಲಿನಿಂದ ಒತ್ತುತ್ತಿದ್ದಂತೆ ಒಳಗಿನ ಏರ್ಪಾಡು ತಾನಾಗಿ ಕ್ಲಚ್ಚನ್ನು ಬಿಡಿಸುತ್ತದೆ. ಕೈಯ ಕ್ಲಚ್ ಹಿಡಿಯದೆಯೂ ಓಡುತ್ತಿರುವಾಗ ಗೇರ್ ಬದಲಿಸಬಹುದು. ಚೈನು ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ. ಪಂಚೆ ಉಟ್ಟು ಗಾಡಿ ಓಡಿಸುವ ನಾಡಿಗೆ ಇದು ಎಷ್ಟು ದೊಡ್ಡ ಉಪಕಾರ ಎಂದು ಬಿಡಿಸಿ ಹೇಳಬೇಕಿಲ್ಲ.

1973ರಲ್ಲಿ ಗಾಡಿಯ ಹೆಸರು ಯೆಜ್ಡಿ ಎಂದಾಯಿತು. ಮೈಸೂರು ರಾಜ್ಯ ಕರ್ನಾಟಕವಾದದ್ದೂ ಅದೇ ವರ್ಷ ಎಂಬುದು ಕೇವಲ ಕಾಕತಾಳೀಯ. ಯೆಜ್ಡಿ ಎಂಬ ಹೆಸರಿಗೆ ಎರಡು ವಿವರಣೆಗಳು ಚಾಲ್ತಿಯಲ್ಲಿವೆ. ಪಾರ್ಸಿಗಳ ಮೂಲನೆಲೆಗಳಲ್ಲೊಂದಾದ ಇರಾನಿನ ಯಜ್ದ್ ನಗರದಿಂದ ಬಂದದ್ದು ಎಂಬುದು ಒಂದು. ಚೆಕ್ ಭಾಷೆಯಲ್ಲಿ ಸವಾರಿ ಮಾಡು ಎಂಬರ್ಥದ ಕ್ರಿಯಾಪದದಿಂದ ಬಂದದ್ದು ಎಂಬುದು ಇನ್ನೊಂದು. ಎರಡೂ ಹೊಂದುತ್ತವೆ. 1978ರಲ್ಲಿ ರೋಡ್‌ಕಿಂಗ್ ಬಂತು, ಕಾಲೇಜು ಹುಡುಗರ ಕನಸಾಯಿತು. ಆದರೆ 1980ರ ದಶಕದ ನಡುವೆ ಜಪಾನಿ ಕಂಪನಿಗಳ ಸಹಯೋಗದ 100 ಸಿಸಿ ಗಾಡಿಗಳು ಒಂದರ ಹಿಂದೊಂದು ಬಂದವು. ಅವು ಹಗುರ, ಪೆಟ್ರೋಲಿನಲ್ಲಿ ಮಿತವ್ಯಯಿ. ಹೊಗೆಯ ಮೇಲಿನ ನಿಯಮ 1991ರಲ್ಲಿ ಬಂದು 1996ರಲ್ಲಿ ಬಿಗಿಯಾಯಿತು. ಎಣ್ಣೆ ಬೆರೆಸಿದ ಪೆಟ್ರೋಲು ಸುಡುವ ಹಳೆಯ ಎಂಜಿನ್ನಿಗೆ ಅದನ್ನು ದಾಟುವುದು ಸುಲಭವಿರಲಿಲ್ಲ. ಕಾರ್ಮಿಕರ ಅಸಮಾಧಾನವೂ ಸೇರಿಕೊಂಡಿತು. ಕಾರ್ಖಾನೆ ನಿಂತಿತು. ಊರಿನ ಎಷ್ಟೋ ಮನೆಗಳ ಮಟ್ಟಿಗೆ ಅದು ಬರೀ ಒಂದು ಗಾಡಿಯ ಅಂತ್ಯವಾಗಿರಲಿಲ್ಲ.

ಈಗ ಷೆಡ್ಡಿಗೆ ಬರೋಣ. ಮೂವತ್ತು ನಲವತ್ತು ವರ್ಷ ನಿಂತ ಜಾವಾವನ್ನು ಹೊರಗೆ ತಂದ ಕೂಡಲೇ ಹೆಚ್ಚಿನವರು ಮಾಡುವ ಮೊದಲ ತಪ್ಪೆಂದರೆ ಕಿಕ್ ಹೊಡೆದು ನೋಡುವುದು. ಸಿಲಿಂಡರ್ ಎರಕದ ಕಬ್ಬಿಣದ್ದು. ತೇವ ತಾಗಿ ಪಿಸ್ಟನ್ನಿನ ಉಂಗುರಗಳು ಗೋಡೆಗೆ ಕಚ್ಚಿಕೊಂಡಿರುತ್ತವೆ. ಬಲವಂತ ಮಾಡಿದರೆ ಉಂಗುರ ಮುರಿಯುತ್ತದೆ, ಗೋಡೆಗೆ ಗೀರು ಬೀಳುತ್ತದೆ. ಅನುಭವಸ್ಥರು ಪ್ಲಗ್ ಬಿಚ್ಚಿ ಆ ತೂತಿನಿಂದ ಡೀಸೆಲ್ಲನ್ನೋ ತೆಳ್ಳನೆಯ ಎಣ್ಣೆಯನ್ನೋ ಸುರಿದು ದಿನಗಟ್ಟಲೆ ಸುಮ್ಮನೆ ಬಿಡುತ್ತಾರೆ. ಆಮೇಲೆ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಹಿಂದಕ್ಕೆ ಮುಂದಕ್ಕೆ ಮೆಲ್ಲಗೆ ಅಲುಗಿಸುತ್ತಾರೆ. ಎಂದೋ ಒಂದು ದಿನ ಒಳಗೆ ಏನೋ ಸಡಿಲವಾದದ್ದು ಕೈಗೆ ತಿಳಿಯುತ್ತದೆ. ತಾಳ್ಮೆಯಿಲ್ಲದವರು ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳಿತು.

ಟೂ-ಸ್ಟ್ರೋಕ್ ಎಂಜಿನ್ನಿನ ಗುಟ್ಟು ತಿಳಿದರೆ ಮುಂದಿನ ಕೆಲಸ ಅರ್ಥವಾಗುತ್ತದೆ. ಇದರಲ್ಲಿ ಪೆಟ್ರೋಲು, ಗಾಳಿ, ಎಣ್ಣೆಗಳ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್ ಕೋಣೆಗೆ ಬರುತ್ತದೆ. ಪಿಸ್ಟನ್ ಕೆಳಗಿಳಿದಾಗ ಅಲ್ಲಿ ಒತ್ತಿಕೊಂಡು, ಪಕ್ಕದ ದಾರಿಗಳ ಮೂಲಕ ಮೇಲಕ್ಕೇರಿ ಉರಿಯುತ್ತದೆ. ಎಂದರೆ ಕ್ರ್ಯಾಂಕ್ ಕೋಣೆ ಒಂದು ಪಂಪ್ ಇದ್ದಂತೆ. ಅದು ಗಾಳಿ ಸೋರಬಾರದು. ಅದರ ಎರಡೂ ಬದಿಯ ರಬ್ಬರ್ ಸೀಲುಗಳು ವರ್ಷಗಳು ಕಳೆದಂತೆ ಕಲ್ಲಿನಂತಾಗುತ್ತವೆ. ಹೊರಗಿನ ಗಾಳಿ ಒಳನುಗ್ಗಿದರೆ ಪೆಟ್ರೋಲು ಎಣ್ಣೆಗಳ ಪ್ರಮಾಣ ತಪ್ಪಿ, ಎಂಜಿನ್ ಕಾದು ಪಿಸ್ಟನ್ ಹಿಡಿದುಬಿಡುತ್ತದೆ. ಹೊರಗೆಲ್ಲ ಬಣ್ಣ ಬಳಿದು ಒಳಗಿನ ಸೀಲು ಬದಲಿಸದ ಗಾಡಿಗಳು ನಾಲ್ಕು ಮೈಲಿ ಹೋಗಿ ರಸ್ತೆಬದಿಯಲ್ಲಿ ನಿಲ್ಲುವುದು ಇದರಿಂದಲೇ.

ಎಲ್ಲಕ್ಕಿಂತ ಕಷ್ಟದ್ದು ಕ್ರ್ಯಾಂಕ್. ಅದು ಒಂದೇ ತುಂಡಿನದಲ್ಲ. ಎರಡು ದಪ್ಪ ಚಕ್ರಗಳನ್ನು ಒಂದು ಪಿನ್ನಿನಿಂದ ಒತ್ತಿ ಜೋಡಿಸಿ, ನಡುವೆ ಕನೆಕ್ಟಿಂಗ್ ರಾಡು ಕೂರಿಸಿರುತ್ತಾರೆ. ರಾಡಿನ ದೊಡ್ಡ ತುದಿಯ ಬೇರಿಂಗ್ ಸವೆದಿದ್ದರೆ ಪ್ರೆಸ್ಸಿನಲ್ಲಿ ಒತ್ತಿ ಬಿಚ್ಚಿ, ಹೊಸದು ಹಾಕಿ, ಮತ್ತೆ ಒತ್ತಿ, ಎರಡೂ ಚಕ್ರಗಳು ಒಂದೇ ನೇರದಲ್ಲಿ ತಿರುಗುತ್ತವೆಯೇ ಎಂದು ಡಯಲ್ ಗೇಜಿನಲ್ಲಿ ನೋಡಬೇಕು. ಓರೆ ಕಂಡರೆ ತಾಮ್ರದ ಸುತ್ತಿಗೆಯಿಂದ ತಟ್ಟಿ ಸರಿಪಡಿಸಬೇಕು. ಎಲ್ಲಿ, ಎಷ್ಟು ತಟ್ಟಬೇಕೆಂಬುದು ಯಾವ ಪುಸ್ತಕದಲ್ಲೂ ಪೂರ್ತಿಯಾಗಿ ಸಿಗುವುದಿಲ್ಲ. ಮನೆಯ ಷೆಡ್ಡಿನಲ್ಲಿ ಇದು ಆಗದ ಕೆಲಸ. ಆಗ ಹುಡುಕಬೇಕಾದದ್ದು ಹಳೆಯ ಲೇತ್ ಕೆಲಸದವರನ್ನು, ಜಾವಾ ಕಾಲದ ಮೇಸ್ತ್ರಿಗಳನ್ನು. ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗಿದೆ ಎನ್ನಬಲ್ಲವರು ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಅವರ ಮಕ್ಕಳು ಬಹಳ ಮಂದಿ ಈ ಕಸುಬಿಗೆ ಬರಲಿಲ್ಲ. ಬಿಡಿಭಾಗ ಮತ್ತೆ ತಯಾರಿಸಬಹುದು. ಆ ಕಿವಿಯನ್ನು ತಯಾರಿಸುವುದು ಹೇಗೆ?

ಉಳಿದ ಕೆಲಸಗಳು ಬೇಸರದವು, ಆದರೆ ಕೈಗೆ ಸಿಗುವಂಥವು. ಟ್ಯಾಂಕಿನ ಒಳಗಿನ ತುಕ್ಕಿಗೆ ಸಣ್ಣ ಜಲ್ಲಿಯನ್ನೋ ನಟ್ಟುಗಳನ್ನೋ ಹಾಕಿ ಕುಲುಕಿ, ವಿನೆಗರ್ ತುಂಬಿಡುತ್ತಾರೆ. ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಚ್ಚುವ ಅಡುಗೆಮನೆಯ ಉಪಾಯದ್ದೇ ಇನ್ನೊಂದು ರೂಪ. ಪೆಟ್ರೋಲು ಆವಿಯಾಗಿ ಎಣ್ಣೆಯಷ್ಟೇ ಉಳಿದು ಕಾರ್ಬುರೇಟರಿನ ಸಣ್ಣ ತೂತುಗಳಲ್ಲಿ ಅಂಟಾಗಿ ಕೂತಿರುತ್ತದೆ. ಸೈಲೆನ್ಸರಿನ ಒಳಗಿನ ಕೊಳವೆಯನ್ನು ಹೊರಗೆಳೆದರೆ ಅಂಗೈ ಅಗಲದ ಮಸಿ. ಹಿಂದೆ ಮೆಕ್ಯಾನಿಕ್ಕುಗಳು ಅದನ್ನು ಬೆಂಕಿಗೆ ಹಿಡಿದು ಸುಟ್ಟು ಶುದ್ಧ ಮಾಡುತ್ತಿದ್ದರು. ಹುಡುಗರು ಆ ಕೊಳವೆಯನ್ನೇ ತೆಗೆದು ಬಿಸಾಡಿ ಬೀದಿಯೆಲ್ಲ ಎಬ್ಬಿಸುತ್ತಿದ್ದದ್ದೂ ಉಂಟು. 6 ವೋಲ್ಟಿನ ಡೈನಮೊ, ಮಂಕಾದ ದೀಪ, 0.4 ಮಿಲಿಮೀಟರಿನಷ್ಟು ಅಂತರ ಇರಬೇಕಾದ ಪಾಯಿಂಟ್ ಇವೆಲ್ಲ ಒಂದೊಂದೂ ಒಂದೊಂದು ಭಾನುವಾರವನ್ನು ನುಂಗುತ್ತವೆ.

ಗಾಡಿ ಹೀಗೆ ಪೂರ್ತಿ ಬಿಚ್ಚಿಕೊಂಡು ಹಳೆಯ ಪತ್ರಿಕೆಗಳ ಮೇಲೆ ಹರಡಿಕೊಂಡಾಗಲೇ ಅದರ ಚರಿತ್ರೆ ಕಣ್ಣಿಗೆ ಬೀಳುವುದು. 1960ರ ದಶಕದ ಆರಂಭದ ಗಾಡಿಯಾದರೆ ಭಾಗಗಳ ಮೇಲೆ ಚೆಕ್ ಕಂಪನಿಗಳ ಗುರುತುಗಳು ಹೆಚ್ಚು: ವಿದ್ಯುತ್ ಸಾಮಾನಿನ ಮೇಲೆ ಪಾಲ್, ಕಾರ್ಬುರೇಟರಿನ ಮೇಲೆ ಯಿಕೋವ್. ಆಗ ಭಾಗಗಳು ಪೆಟ್ಟಿಗೆಗಳಲ್ಲಿ ಬಂದು ಇಲ್ಲಿ ಜೋಡಣೆಯಾಗುತ್ತಿದ್ದವು. ವರ್ಷ ಕಳೆದಂತೆ ಒಂದೊಂದೇ ಭಾಗ ಇಲ್ಲಿನದಾಗುತ್ತ ಹೋಯಿತು. ಇಲ್ಲಿನ ಎರಕದಲ್ಲಿ ಅಂಚು ತುಸು ಒರಟಾಗಿರಬಹುದು, ಅಕ್ಷರ ಬೇರೆಯಿರಬಹುದು. ಸ್ವದೇಶೀಕರಣ ಎಂದು ಪಂಚವಾರ್ಷಿಕ ಯೋಜನೆಯ ಕಡತಗಳಲ್ಲಿ ಬರೆದದ್ದು ಏನೆಂದು ಕಣ್ಣಾರೆ ನೋಡಬೇಕಿದ್ದರೆ ಬೇರೆ ಬೇರೆ ವರ್ಷದ ಎರಡು ಮೂರು ಜಾವಾಗಳನ್ನು ಅಕ್ಕಪಕ್ಕ ಬಿಚ್ಚಿ ಇಡಬೇಕು. ಇನ್ನೊಂದು ದೇಶದ ಯಂತ್ರವನ್ನು ಮೈಸೂರಿನ ಕೈಗಳು ಸ್ವಲ್ಪ ಸ್ವಲ್ಪವಾಗಿ ತಮ್ಮದಾಗಿಸಿಕೊಂಡ ಬಗೆ ಅಲ್ಲಿ ಲೋಹದಲ್ಲೇ ಬರೆದಿದೆ.

ಕಳವಳ ಹುಟ್ಟುವುದು ಇಲ್ಲಿಯೇ. ಈಗ ಚೆಕ್ ದೇಶದಿಂದ ಹೊಸ ಬಿಡಿಭಾಗಗಳನ್ನು ತರಿಸಿಕೊಳ್ಳಬಹುದು. ಅವು ನಯವಾಗಿವೆ, ಚೆನ್ನಾಗಿಯೂ ಕೂರುತ್ತವೆ. ಹಾಗೆಂದು ಅನೇಕರು ಸುಸ್ಥಿತಿಯಲ್ಲಿರುವ ಮೈಸೂರಿನ ಭಾಗವನ್ನೂ ತೆಗೆದೆಸೆದು ಮೂಲದ್ದು ಬೇಕೆಂದು ಅಲ್ಲಿಂದ ತರಿಸಿ ಹಾಕುತ್ತಾರೆ. ಮೈಸೂರಿನಲ್ಲಿ ಹುಟ್ಟಿದ ಗಾಡಿಗೆ ಮೂಲ ಯಾವುದು? ಚಾಸಿಸ್ಸಿನ ಫಲಕದ ಮೇಲೆ ಮೈಸೂರು ಎಂಬ ಹೆಸರನ್ನು ಹಾಗೆಯೇ ಇಟ್ಟುಕೊಂಡು, ಒಳಗಿನ ಮೈಸೂರನ್ನೆಲ್ಲ ಗುಜರಿಗೆ ಹಾಕಿದ ಗಾಡಿಯನ್ನು ಜೀರ್ಣೋದ್ಧಾರ ಎನ್ನಲು ಮನಸ್ಸು ಬರುವುದಿಲ್ಲ. ಹಳೆಯ ಗುಡಿಯ ಕಲ್ಲಿಗೆ ಎನಾಮೆಲ್ ಬಣ್ಣ ಬಳಿದು ಉದ್ಧಾರ ಮಾಡಿದೆವೆನ್ನುವವರ ಸಾಲಿಗೆ ಇವರೂ ಸೇರುತ್ತಾರೆ.

ಎದುರು ವಾದವೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಓಡದ ಗಾಡಿ ಗಾಡಿಯೇ ಅಲ್ಲ. ಸವೆದ ಪಿಸ್ಟನ್ನನ್ನು ಭಕ್ತಿಯಿಂದ ಉಳಿಸಿಕೊಂಡು ಯಾರೂ ಚಾಮುಂಡಿ ಬೆಟ್ಟ ಹತ್ತಲಾರರು. ಸವೆಯುವ ಭಾಗ ಬದಲಾಗಲೇಬೇಕು. ಇನ್ನೂ ತೊಡಕಿನ ಸಂಗತಿಯೆಂದರೆ ಎಷ್ಟೋ ಜಾವಾಗಳು ತಮ್ಮ ಆಯುಷ್ಯದ ನಡುವೆಯೇ ಬದಲಾಗಿವೆ. ಜಾವಾ, ಯೆಜ್ಡಿಗಳ ಎಷ್ಟೋ ಭಾಗ ಒಂದಕ್ಕೊಂದು ಕೂರುವುದರಿಂದ 1964ರ ಗಾಡಿಗೆ 1980ರ ದಶಕದ ಯೆಜ್ಡಿಯ ಕಾರ್ಬುರೇಟರ್ ಹಾಕಿಸಿದವರಿದ್ದಾರೆ. ಹಾಲಿನ ಕ್ಯಾನು ತೂಗುಹಾಕಲು ಹಿಂದೆ ಕಬ್ಬಿಣದ ಕೊಕ್ಕೆ ಬೆಸೆಸಿದವರಿದ್ದಾರೆ. ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿಸಬೇಕೆನ್ನುವವರು ಕೊಕ್ಕೆಯನ್ನು ಕತ್ತರಿಸುತ್ತಾರೆ. ಅದರೊಂದಿಗೆ ಆ ಗಾಡಿ ಒಂದು ಸಂಸಾರವನ್ನು ಸಾಕಿದ ಗುರುತೂ ಹೋಗುತ್ತದೆ. ಕಾರ್ಖಾನೆಯ ಬಾಗಿಲಲ್ಲಿ ಗಾಡಿಯ ಚರಿತ್ರೆ ಶುರುವಾಗುತ್ತದೆಯೇ ಹೊರತು ಅಲ್ಲಿಗೇ ಮುಗಿಯುವುದಿಲ್ಲ. ಕೊಕ್ಕೆ ಉಳಿಯಲಿ ಎನ್ನುವುದೇ ಸರಿಯಾದ ಪಕ್ಷವೆಂದು ತೋರುತ್ತದೆ. ತೆಗೆಯಲೇಬೇಕಾದದ್ದನ್ನು ತೆಗೆದಾಗಲೂ ಮೊದಲು ಫೋಟೊ ಹಿಡಿದು, ತೆಗೆದ ಭಾಗಕ್ಕೆ ಚೀಟಿ ಕಟ್ಟಿ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟರೆ ನಷ್ಟವೇನೂ ಇಲ್ಲ.

ಬಣ್ಣದ ವಿಷಯದಲ್ಲಂತೂ ಹೊಳಪಿನ ಹುಚ್ಚು ಮಿತಿ ಮೀರಿದೆ. ಹಳೆಯ ಜಾವಾದ ಗುರುತು ಗಾಢವಾದ ಕೆಂಗಂದು, ಟ್ಯಾಂಕಿನ ಬದಿಗೆ ಕ್ರೋಮ್, ಮೊಣಕಾಲು ತಾಗುವಲ್ಲಿ ರಬ್ಬರಿನ ಪಟ್ಟೆ, ಅಂಚಿನಲ್ಲಿ ಬಂಗಾರ ಬಣ್ಣದ ಸಣ್ಣ ಗೆರೆ. ಆ ಗೆರೆಯನ್ನು ಕುಂಚ ಹಿಡಿದು ಒಂದೇ ಉಸಿರಿನಲ್ಲಿ ಎಳೆಯುವ ಕಲಾವಿದರು ಈಗ ವಿರಳ; ಅಂಟಿಸುವ ಪಟ್ಟಿ ಬಂದಿದೆ. ಅಲ್ಲಲ್ಲಿ ಮಾಸಿದ್ದರೂ ಮೂಲದ ಬಣ್ಣ ಮುಕ್ಕಾಲು ಪಾಲು ಉಳಿದಿರುವ ಟ್ಯಾಂಕನ್ನು ಉಜ್ಜಿ ತೆಗೆದು ಕನ್ನಡಿಯಂತೆ ಹೊಳೆಸುವುದು ಸುಲಭ. ಅದನ್ನು ಮೇಣ ಹಚ್ಚಿ ಹಾಗೆಯೇ ಉಳಿಸಿಕೊಳ್ಳಲು ಧೈರ್ಯ ಬೇಕು, ಏಕೆಂದರೆ ನೋಡಿದವರು "ಇನ್ನೂ ಪೈಂಟ್ ಮಾಡಿಸಿಲ್ವಾ?" ಎಂದು ಕೇಳುತ್ತಲೇ ಇರುತ್ತಾರೆ.

ಕಂಪನಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. 2018ರಲ್ಲಿ ಮಹೀಂದ್ರ ಸಮೂಹದ ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆ ಜಾವಾ ಹೆಸರಿನಲ್ಲಿ ಹೊಸ ಗಾಡಿಗಳನ್ನು ತಂದಿತು. 2022ರಲ್ಲಿ ಯೆಜ್ಡಿ ಹೆಸರೂ ಮರಳಿತು. ಆ ಹೆಸರಿನ ಒಡೆತನದ ಪ್ರಶ್ನೆ ಕರ್ನಾಟಕ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಹೊಸವು ಫೋರ್-ಸ್ಟ್ರೋಕ್ ಎಂಜಿನ್ನಿನವು. ಹಳೆಯ ಗಾಡಿಯವರಿಗೆ ಅವುಗಳಿಂದ ಆದ ಒಂದೇ ಪರಿಣಾಮವೆಂದರೆ ಹಳೆಯವುಗಳ ಬೆಲೆ, ಬಿಡಿಭಾಗಗಳ ಬೆಲೆ ಮೇಲೇರಿದ್ದು. ಗುಜರಿಗೆ ಹೋಗುವ ಭಯ ಕಡಿಮೆಯಾಯಿತು. ಬದಲಿಗೆ ಕೊಂಡು, ಹೊಳಪು ಕೊಟ್ಟು, ಲಾಭಕ್ಕೆ ಮಾರುವವರ ಕಾಲ ಬಂತು.

ಕಾನೂನೂ ಈ ಗಾಡಿಗಳನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. 2021ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸುವ ಏರ್ಪಾಡು ಮಾಡಿತು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಗಳ ಅವಧಿ, ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ವಾಹನ ಮೂಲರೂಪದಲ್ಲಿರಬೇಕು, ದೊಡ್ಡ ಬದಲಾವಣೆಗೆ ಒಳಗಾಗಿರಬಾರದು ಎಂಬ ಷರತ್ತೂ ಅದರಲ್ಲಿದೆ. ಮೂಲರೂಪವೆಂದರೆ ಯಾವುದೆಂಬ ಷೆಡ್ಡಿನೊಳಗಿನ ಜಗಳ ಹೀಗೆ ಆರ್‌ಟಿಒ ಕಚೇರಿಯ ಕಡತಕ್ಕೂ ಬಂದು ಸೇರಿದೆ. ಅಲ್ಲಿ ಅದನ್ನು ಹೇಗೆ ಬಗೆಹರಿಸುತ್ತಾರೆಂಬುದು ಬಹುಮಟ್ಟಿಗೆ ಮೇಜಿನ ಆಚೆ ಕುಳಿತವರ ವಿವೇಕಕ್ಕೆ ಬಿಟ್ಟದ್ದು.

ಅದೇ ನಿಯಮದಲ್ಲಿ ಒಂದು ಒಳ್ಳೆಯ ಅಂಶವಿದೆ. ಹೊಸದಾಗಿ ನೋಂದಾಯಿಸುವ ವಿಂಟೇಜ್ ವಾಹನಗಳಿಗೆ ವಿಎ ಎಂಬ ಅಕ್ಷರಗಳ ಸಂಖ್ಯೆ ಬರುತ್ತದೆ. ಆದರೆ ಈಗಾಗಲೇ ನೋಂದಣಿಯಾಗಿರುವವು ತಮ್ಮ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಕೆಎ ಎಂಬುದು ಬಂದದ್ದು 1989ರಲ್ಲಿ. ಅದಕ್ಕೂ ಹಿಂದಿನ ಗಾಡಿಗಳಲ್ಲಿ, ನಂಬರ್ ಫಲಕದ ಮೇಲಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ, ಕೈಬರಹದ ಬಿಳಿ ಬಣ್ಣದಲ್ಲಿ ಇನ್ನೂ ಎಂವೈ ಎಂದು ಓದಬಹುದು.